ಡಿಲೀಟ್ ಆದ ಮೇಲಿನ ಮೊದಲ ಹತ್ತು ನಿಮಿಷ

(ರಾಯಕೋಟೆಯಲ್ಲಿ ಗಡಿ ತಾಲೂಕುಗಳ ಹುಡುಗ ಹುಡುಗಿಯರು ಸೇರಿದ್ದ ಭಾನುವಾರದ ಕೂಟದಲ್ಲಿ ಆಡಿದ ಮಾತು. ಬರೆದು ಹಾಕಿ ಅಂತ ಕೆಲವರು ಕೇಳಿದ್ದರಿಂದ ಇಲ್ಲಿ ಹಾಕಿದ್ದೇನೆ.)

ಹೊಸೂರು, ಕೆಲಮಂಗಲ, ಡೆಂಕಣಿಕೋಟೆ, ತಳಿ ಕಡೆಯಿಂದೆಲ್ಲ ಬಸ್ಸು ಹಿಡಿದು ಬಂದಿದ್ದೀರಿ. ಮೊದಲೇ ಹೇಳಿಬಿಡ್ತೀನಿ, ನಾನು ಕಂಪ್ಯೂಟರ್ ಎಂಜಿನಿಯರ್ ಅಲ್ಲ. ಬಿ.ಕಾಂ. ಓದಿ ಬ್ಯಾಂಕಲ್ಲಿ ಗುಮಾಸ್ತನಾಗಿರೋನು. ಈ ವಿಷಯ ಮಾತಾಡೋಕೆ ನನಗಿರೋ ಅರ್ಹತೆ ಒಂದೇ: ಕಳಕೊಂಡವನು ನಾನು.

2021, ಕೊರೊನಾ ಎರಡನೇ ಅಲೆ. ಅದಕ್ಕೆ ಎರಡು ವರ್ಷ ಮೊದಲು ನಮ್ಮಜ್ಜಿ ಹಾಡುತ್ತಿದ್ದ ಸೋಬಾನೆ ಪದ, ಬೀಸೋ ಪದಗಳನ್ನ ಫೋನಲ್ಲಿ ರೆಕಾರ್ಡ್ ಮಾಡಿದ್ದೆ. ಒಟ್ಟು 14 ಹಾಡು. ಫೋನಲ್ಲಿ ಜಾಗ ಸಾಲದೆ ಮನೆ ಕಂಪ್ಯೂಟರಿಗೆ ಹಾಕಿ ಫೋನಿಂದ ಅಳಿಸಿದ್ದೆ. ಫೋಲ್ಡರಿಗೆ ಹೆಸರಿಡೋಕೂ ಸೋಮಾರಿತನ, ‘ನ್ಯೂ ಫೋಲ್ಡರ್ 3’ ಅಂತಲೇ ಉಳೀತು. ಅದರೊಳಗೇ ತಾತನ ಕಾಲದ ಪಾಲುಪತ್ರದ ಸ್ಕ್ಯಾನ್ ಇತ್ತು, ಅಪ್ಪ ಕೂತು ಟೈಪ್ ಮಾಡಿದ್ದ ನಮ್ಮ ಮನೆತನದ ವಂಶಾವಳಿ ಇತ್ತು. ಅಜ್ಜಿ ಆ ವರ್ಷದ ಮೊದಲಲ್ಲೇ ಹೋಗಿದ್ದರು.

ತಂಗಿಗೆ ಆನ್‌ಲೈನ್ ಕ್ಲಾಸು. ಕಂಪ್ಯೂಟರಲ್ಲಿ ಜಾಗ ಇಲ್ಲ, ಜಾಗ ಇಲ್ಲ ಅಂತ ಬಡಕೋತಿತ್ತು. ನಾನು ಬ್ಯಾಂಕಿಂದ ಸುಸ್ತಾಗಿ ಬಂದವನು, ನ್ಯೂ ಫೋಲ್ಡರ್ ಅನ್ನೋ ಹೆಸರಿದ್ದ ನಾಲ್ಕನ್ನೂ ಒಟ್ಟಿಗೆ ಹಿಡಿದು ಶಿಫ್ಟ್ ಒತ್ತಿ ಡಿಲೀಟ್ ಕೊಟ್ಟೆ. ಶಾಶ್ವತವಾಗಿ ಅಳಿಸಲಾ ಅಂತ ಅದು ಕೇಳ್ತು. ನಾನು ಎಂಟರ್ ಹೊಡೆದೆ. ಓದಲೂ ಇಲ್ಲ.

ತಿಳಿದದ್ದು ರಾತ್ರಿ ಊಟ ಆದ ಮೇಲೆ. ಅಷ್ಟರಲ್ಲಿ ತಂಗಿಯ ಎರಡು ಗಂಟೆ ಕ್ಲಾಸು ಅದೇ ಡ್ರೈವಲ್ಲಿ ರೆಕಾರ್ಡ್ ಆಗಿತ್ತು. ಗಾಬರಿಯಲ್ಲಿ ನಾನು ಅದೇ ಕಂಪ್ಯೂಟರಲ್ಲಿ ಇಂಟರ್ನೆಟ್ ತೆಗೆದು ಮೂರು ರಿಕವರಿ ಸಾಫ್ಟ್‌ವೇರ್ ಇಳಿಸಿದೆ. ಅದೇ ಸಿ ಡ್ರೈವಿಗೆ. ಅಜ್ಜಿ ದನಿ ಮೇಲೆ ನಾನೇ ಮಣ್ಣು ಎಳೆದೆ ಅನ್ನೋದು ಆಗ ಗೊತ್ತಿರಲಿಲ್ಲ.

ಯಾಕೆ ಹಾಗಂದೆ ಅಂತ ಬ್ಯಾಂಕಿನ ಭಾಷೇಲಿ ಹೇಳ್ತೀನಿ. ನಮ್ಮಲ್ಲಿ ಲಾಕರ್ ಇದೆ, ಅದಕ್ಕೊಂದು ರಿಜಿಸ್ಟರ್ ಇದೆ. ನೀವು ಡಿಲೀಟ್ ಮಾಡಿದಾಗ ಕಂಪ್ಯೂಟರ್ ಲಾಕರ್ ಖಾಲಿ ಮಾಡಲ್ಲ. ರಿಜಿಸ್ಟರಲ್ಲಿ ನಿಮ್ಮ ಹೆಸರಿಗೆ ಗೆರೆ ಎಳೆದು, ‘ಈ ಲಾಕರ್ ಯಾರಿಗೆ ಬೇಕಾದ್ರೂ ಕೊಡಬಹುದು’ ಅಂತ ಬರಕೊಳ್ಳುತ್ತೆ, ಅಷ್ಟೆ. ಒಡವೆ ಒಳಗೇ ಇರುತ್ತೆ. ಇನ್ನೊಬ್ಬ ಗಿರಾಕಿ ಬಂದು ಅದೇ ಲಾಕರಲ್ಲಿ ತನ್ನ ಗಂಟು ಇಟ್ಟಾಗಲೇ ನಿಮ್ಮದು ನಿಜವಾಗಿ ಹೋಗೋದು. ಆ ಇನ್ನೊಬ್ಬ ಗಿರಾಕಿ ಯಾರು? ನೀವು ಆಮೇಲೆ ಇಳಿಸಿದ ಸಿನಿಮಾ, ತೆಗೆದ ವೆಬ್‌ಸೈಟು, ವಿಂಡೋಸ್ ತಾನೇ ಮಾಡಿಕೊಳ್ಳೋ ಅಪ್‌ಡೇಟು.

ಹಾಗಾಗಿ ಮೊದಲ ಕೆಲಸ, ಏನೂ ಮಾಡದಿರೋದು. ಕಂಟ್ರೋಲ್ ಜೆಡ್ ಒಂದ್ಸಲ ಒತ್ತಿ ನೋಡಿ. ರೀಸೈಕಲ್ ಬಿನ್ ತೆಗೆದು ನೋಡಿ, ಅಲ್ಲಿದ್ರೆ ರೈಟ್ ಕ್ಲಿಕ್ ಮಾಡಿ ರೀಸ್ಟೋರ್ ಕೊಡಿ, ಇದ್ದ ಜಾಗಕ್ಕೇ ಹೋಗಿ ಕೂರುತ್ತೆ. ಶಿಫ್ಟ್ ಒತ್ತಿ ಅಳಿಸಿದ್ದು ಬಿನ್ನಿಗೆ ಬರಲ್ಲ. ಪೆನ್‌ಡ್ರೈವಿಂದ ಅಳಿಸಿದ್ದೂ ಸಾಮಾನ್ಯವಾಗಿ ಬರಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಬಿನ್ನಲ್ಲಿ ಹುಡುಕಿ ಹುಡುಕಿ ಸಾಕಾಗ್ತಾರೆ. ಅಲ್ಲಿಲ್ಲ ಅಂದ್ರೆ ಕಂಪ್ಯೂಟರ್ ಆಫ್ ಮಾಡಿ ಎದ್ದುಬಿಡಿ. ಮಿಕ್ಕದ್ದನ್ನ ಸ್ನೇಹಿತರ ಕಂಪ್ಯೂಟರಲ್ಲಿ ಮಾಡೋದು. ನಿಮ್ಮ ಹಾರ್ಡ್‌ಡಿಸ್ಕ್ ಬಿಚ್ಚಿ, ಯುಎಸ್‌ಬಿ ಅಡಾಪ್ಟರ್ ಹಾಕಿ ಪೆನ್‌ಡ್ರೈವ್ ಥರ ಆ ಕಂಪ್ಯೂಟರಿಗೆ ಸಿಕ್ಕಿಸಬೇಕು. ಬಿಚ್ಚೋಕೆ ಬರದಿದ್ರೆ ಬಲ್ಲವರ ಹತ್ತಿರ ಬಿಚ್ಚಿಸಿ.

ಸಾಫ್ಟ್‌ವೇರ್ ಉಚಿತವಾಗೇ ಇವೆ. ರೆಕುವಾ ಸುಲಭ. ಮೈಕ್ರೋಸಾಫ್ಟಿನವರದ್ದೇ ವಿಂಡೋಸ್ ಫೈಲ್ ರಿಕವರಿ ಅಂತ ಒಂದಿದೆ, ಆದ್ರೆ ಅದು ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡೋದು. ನನಗೆ ಕೊನೆಗೆ ಕೈಹಿಡಿದದ್ದು ಫೋಟೋರೆಕ್. ಹೆಸರು ಫೋಟೋ ಅಂತಿದ್ರೂ ಹಾಡು, ಪಿಡಿಎಫ್, ವರ್ಡ್ ಫೈಲ್ ಎಲ್ಲ ಹೆಕ್ಕುತ್ತೆ. ಯಾವುದೇ ಆಗಲಿ, ಸಿಕ್ಕಿದ ಫೈಲನ್ನ ಬೇರೆ ಡ್ರೈವಿಗೆ ಉಳಿಸಬೇಕು, ಕಳಕೊಂಡ ಡ್ರೈವಿಗೇ ವಾಪಸ್ ಹಾಕಬಾರದು. ಸ್ಕ್ಯಾನ್ ಗಂಟೆಗಟ್ಟಲೆ ಹಿಡಿಯುತ್ತೆ. ನಮ್ಮ ಕಡೆ ಕರೆಂಟ್ ಕಥೆ ನಿಮಗೇ ಗೊತ್ತು, ಯುಪಿಎಸ್ ಇದ್ರೆ ಒಳ್ಳೇದು.

ಇಲ್ಲಿ ಒಂದು ಕಹಿ ಮಾತು. ಇದೆಲ್ಲ ಹಳೇ ಹಾರ್ಡ್‌ಡಿಸ್ಕಿಗೆ. 2011ರಿಂದ ಸರ್ಕಾರ ಪ್ಲಸ್ ಟು ಮಕ್ಕಳಿಗೆ ಕೊಟ್ಟ ಉಚಿತ ಲ್ಯಾಪ್‌ಟಾಪ್ ನಮ್ಮ ಹಳ್ಳಿಗಳಲ್ಲಿ ಇನ್ನೂ ಎಷ್ಟೋ ಮನೇಲಿದೆ. ಅಂಥ ಹಳೇ ಲ್ಯಾಪ್‌ಟಾಪಲ್ಲಿ ಹಾರ್ಡ್‌ಡಿಸ್ಕ್ ಇದ್ರೆ ಆಸೆ ಇಟ್ಟುಕೊಳ್ಳಬಹುದು. ಈಗಿನ ಹೊಸ ಕಂಪ್ಯೂಟರಲ್ಲಿರೋದು ಎಸ್‌ಎಸ್‌ಡಿ. ಅದರಲ್ಲಿ ಟ್ರಿಮ್ ಅನ್ನೋ ವ್ಯವಸ್ಥೆ ಇದೆ. ನೀವು ಅಳಿಸಿದ ಕೂಡಲೇ ಈ ಜಾಗ ಇನ್ನು ಬೇಡ ಅಂತ ವಿಂಡೋಸ್ ಡ್ರೈವಿಗೆ ಹೇಳಿಬಿಡುತ್ತೆ, ಡ್ರೈವ್ ಅದನ್ನ ತಾನೇ ಗುಡಿಸಿಕೊಳ್ಳುತ್ತೆ. ಗಿರಾಕಿ ಬರೋ ತನಕ ಕಾಯಲ್ಲ, ಲಾಕರ್ ಖಾಲಿ ಮಾಡೇಬಿಡುತ್ತೆ. ಎಸ್‌ಎಸ್‌ಡಿಯಲ್ಲಿ ಶಿಫ್ಟ್ ಡಿಲೀಟ್ ಆದದ್ದು ಬಹುಪಾಲು ಹೋದದ್ದೇ. ವೇಗ ಜಾಸ್ತಿ ಅಂತ ಎಲ್ಲರೂ ಕೊಳ್ತೀವಿ, ಈ ಮಾತು ಅಂಗಡಿಯವರು ಹೇಳೋದಿಲ್ಲ.

ಮೇಲ್ ವಿಷಯ ಸುಲಭ. ಜಿಮೇಲಲ್ಲಿ ಅಳಿಸಿದ್ದು 30 ದಿನ ಟ್ರ್ಯಾಶಲ್ಲಿರುತ್ತೆ, ಕೆಲವರಿಗೆ ಬಿನ್ ಅಂತ ಕಾಣುತ್ತೆ. ಸ್ಪ್ಯಾಮಿಗೂ 30 ದಿನ. ಮಾಮೂಲಿಯಾಗಿ ಸರ್ಚ್ ಮಾಡಿದ್ರೆ ಈ ಎರಡರೊಳಗೆ ಅದು ನೋಡಲ್ಲ, ನೀವೇ ಒಳಗೆ ಹೋಗಿ ನೋಡಬೇಕು. ಬಹಳ ಸಲ ಮೇಲ್ ಅಳಿಸಿರೋದೇ ಇಲ್ಲ, ಬೆರಳು ತಾಗಿ ಆರ್ಕೈವ್ ಆಗಿರುತ್ತೆ. ಆಲ್ ಮೇಲ್ ಅನ್ನೋದರಲ್ಲಿ ಸಿಗುತ್ತೆ. ಗೂಗಲ್ ಡ್ರೈವಿಗೂ 30 ದಿನ. ಗೂಗಲ್ ಫೋಟೋಸಲ್ಲಿ ಬ್ಯಾಕಪ್ ಆಗಿದ್ದ ಚಿತ್ರಕ್ಕೆ 60 ದಿನ. ದಿನ ದಾಟಿದ್ರೆ? ಆ ಮೇಲ್ ಕಳಿಸಿದವರು ಇದ್ದಾರಲ್ಲ, ಅವರ ಸೆಂಟ್ ಪೆಟ್ಟಿಗೇಲಿ ಇರಬಹುದು, ಫೋನ್ ಮಾಡಿ ಕೇಳಿ. ನಾಚಿಕೆ ಪಡಬೇಡಿ. ಇನ್ನೊಂದು, ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನ ಗೂಗಲ್ ಅಳಿಸಬಹುದು. ಪ್ಲಸ್ ಟು ಅಡ್ಮಿಷನ್ನಿಗೆ ಅಂತ ತೆಗೆದ ಮೇಲ್ ಐಡಿ ಇದೆಯಲ್ಲ, ಇವತ್ತು ರಾತ್ರಿ ಒಂದ್ಸಲ ಲಾಗಿನ್ ಆಗಿ.

ಈಗ ನಮ್ಮವರಿಗೇ ಅಂತ ಇರೋ ಒಂದು ತೊಡಕು. ಫೋಟೋರೆಕ್ ಫೈಲಿನ ಹಳೇ ಹೆಸರು ಕೊಡಲ್ಲ, ಬರೀ ಅಂಕಿಗಳ ಹೆಸರಲ್ಲಿ ನೂರಾರು ಫೈಲ್ ಕೊಡುತ್ತೆ. ಒಂದೊಂದೇ ತೆಗೆದು ನೋಡಬೇಕು. ನಾನು ತೆಗೆದ ಒಂದು ವರ್ಡ್ ಫೈಲಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ತುಂಬಿದ್ವು. ಕೆಟ್ಟುಹೋಗಿದೆ ಅಂತ ಅಳಿಸೋಕೇ ಹೊರಟಿದ್ದೆ. ಅಪ್ಪ ಹಿಂದಿನಿಂದ ಬಗ್ಗಿ ನೋಡಿ, ‘ಲೋ, ಅದು ನುಡಿಯಲ್ಲಿ ಹೊಡೆದದ್ದಲ್ವೇನೋ’ ಅಂದ್ರು. ಹೌದು! ಯೂನಿಕೋಡ್ ಬಳಕೆಗೆ ಬರೋ ಮೊದಲು ನುಡಿ, ಬರಹದಲ್ಲಿ ಟೈಪ್ ಮಾಡಿದ್ದು ಒಳಗೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕೂತಿರುತ್ತೆ. ಮೇಲೆ ಕನ್ನಡ ಕಾಣೋದು ಆ ಫಾಂಟ್ ಇದ್ದಾಗ ಮಾತ್ರ. ಫಾಂಟ್ ಹಾಕಿದೆ, ವಂಶಾವಳಿ ಪೂರ್ತಿ ಎದ್ದು ಕೂತ್ಕೊಂಡಿತು. ನುಡಿ, ಬರಹ ಎರಡರಲ್ಲೂ ಯೂನಿಕೋಡಿಗೆ ಬದಲಾಯಿಸೋ ಪರಿವರ್ತಕ ಇದೆ. ಹಳೇ ಮದುವೆ ಕರೆಯೋಲೆ, ಶಾಲೆ ನಾಟಕ ನಿಮ್ಮ ಮನೇಲಿ ಹೀಗೇ ‘ಕೆಟ್ಟುಹೋದ’ ಫೈಲಾಗಿ ಬಿದ್ದಿರಬಹುದು. ಅಳಿಸೋ ಮುಂಚೆ ಫಾಂಟ್ ಹಾಕಿ ನೋಡಿ.

ಲೆಕ್ಕ ಒಪ್ಪಿಸ್ತೀನಿ. 14 ಹಾಡಲ್ಲಿ 9 ಬಂದವು. ಅದರಲ್ಲಿ ಎರಡು ಅರ್ಧಕ್ಕೇ ನಿಲ್ಲುತ್ತವೆ, ಅಜ್ಜಿ ಉಸಿರು ಎಳಕೊಂಡಿದ್ದು ಕೇಳುತ್ತೆ, ಮುಂದೆ ಇಲ್ಲ. ಇನ್ನೊಂದು ಶೂಳಗಿರಿ ಕಡೆ ಕೊಟ್ಟಿರೋ ಅತ್ತೆ ಮಗಳ ವಾಟ್ಸ್ಆಪಲ್ಲಿ ಸಿಕ್ಕಿತು, ಯಾವತ್ತೋ ನಾನೇ ಕಳಿಸಿದ್ದೆ. ಮಿಕ್ಕ ನಾಲ್ಕು ಹೋದವು. ಪಾಲುಪತ್ರದ ನಾಲ್ಕು ಪುಟದಲ್ಲಿ ಮೂರು ಬಂತು. ಅದರ ತಲೆಮೇಲೆ ಸೇಲಂ ಜಿಲ್ಲೆ, ಹೊಸೂರು ತಾಲೂಕು ಅಂತಿದೆ. ಧರ್ಮಪುರಿ ಜಿಲ್ಲೆಯಾದದ್ದು 1965ರಲ್ಲಿ, ಕೃಷ್ಣಗಿರಿ 2004ರಲ್ಲಿ, ಅದಕ್ಕೂ ಹಿಂದಿನದು. ಮೂಲ ಕಾಗದಕ್ಕೆ ಗೆದ್ದಲು ಹತ್ತಿ ವರ್ಷಗಳಾದವು.

ಪಟ್ಟಾ ಚಿಟ್ಟಾ ಹೋದ್ರೆ ಸರ್ಕಾರದ ವೆಬ್‌ಸೈಟಲ್ಲಿ ಮತ್ತೆ ತೆಗೀಬಹುದು. ರಿಜಿಸ್ಟರ್ ಆದ ಪತ್ರಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನಕಲು ಸಿಗುತ್ತೆ. ರಿಜಿಸ್ಟರ್ ಆಗದ ಕನ್ನಡದ ಪಾಲುಪತ್ರ, ಅರ್ಧ ತೆಲುಗು ಕಾಲು ತಮಿಳು ಬೆರೆತ ನಮ್ಮೂರ ಕನ್ನಡದ ಹಾಡು, ಇವಕ್ಕೆ ಯಾವ ಆಫೀಸಿದೆ? ನಮ್ಮ ಮನೆ ಕಂಪ್ಯೂಟರೇ ಆಫೀಸು.

ಬ್ಯಾಂಕಿನವನಾಗಿ ಒಂದು ಎಚ್ಚರಿಕೆ. ಫೈಲ್ ಹೋದ ಗಾಬರಿಯಲ್ಲಿ ಗೂಗಲಲ್ಲಿ ‘ರಿಕವರಿ ಕಸ್ಟಮರ್ ಕೇರ್’ ಅಂತ ಹುಡುಕಿ ಸಿಕ್ಕ ನಂಬರಿಗೆ ಫೋನ್ ಮಾಡಬೇಡಿ. ಅವನು ಎನಿಡೆಸ್ಕ್ ಥರದ ಆಪ್ ಹಾಕಿಸಿ ನಿಮ್ಮ ಪರದೆಯನ್ನೇ ಕೈಗೆ ತಗೋತಾನೆ, ಆಮೇಲೆ ಹತ್ತು ರೂಪಾಯಿ ಫೀಸು ಕಟ್ಟಿ ಅಂತಾನೆ, ಅಲ್ಲಿಗೆ ಖಾತೆ ಖಾಲಿ. ಅತ್ತುಕೊಂಡು ಕೌಂಟರಿಗೆ ಬಂದವರನ್ನ ನೋಡಿದ್ದೀನಿ. ಹಣ ಹೋದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ದೊಡ್ಡವರಿಗೂ ಇದು ತಪ್ಪಿಲ್ಲ. 1998ರಲ್ಲಿ ಅಮೆರಿಕದ ಪಿಕ್ಸಾರ್ ಕಂಪನಿಯಲ್ಲಿ ‘ಟಾಯ್ ಸ್ಟೋರಿ 2’ ಚಿತ್ರ ತಯಾರಾಗ್ತಿತ್ತು. ಯಾರೋ ಕೊಟ್ಟ ಒಂದು ಆಜ್ಞೆಗೆ ಚಿತ್ರದ ಬಹುಪಾಲು ಫೈಲು ಅಳಿಸಿಹೋಯ್ತು. ಬ್ಯಾಕಪ್ ತೆಗೆದು ನೋಡಿದ್ರೆ ಅದೂ ಸರಿಯಾಗಿ ಕೆಲಸ ಮಾಡ್ತಿರಲಿಲ್ಲ. ಉಳಿಸಿದ್ದು ಗ್ಯಾಲಿನ್ ಸಸ್ಮನ್ ಅನ್ನೋ ಹೆಣ್ಣುಮಗಳು. ಮಗು ಹೆತ್ತು ಮನೆಯಿಂದ ಕೆಲಸ ಮಾಡ್ತಿದ್ದ ಆಕೆಯ ಮನೆ ಕಂಪ್ಯೂಟರಲ್ಲಿ ಒಂದು ಪ್ರತಿ ಇತ್ತು. ಅಷ್ಟು ದೊಡ್ಡ ಕಂಪನಿ ಬಾಣಂತಿಯ ಮನೆ ಕಂಪ್ಯೂಟರನ್ನ ಕಾರಿನಲ್ಲಿ ಜೋಪಾನವಾಗಿ ತಂದು ಚಿತ್ರ ಉಳಿಸಿಕೊಂಡಿತು.

ನಾನೀಗ ಮಾಡಿರೋದು ಅದನ್ನೇ. ಹಾಡುಗಳು ಮನೆ ಕಂಪ್ಯೂಟರಲ್ಲಿ, ಬೀರುವಿನ ಹಾರ್ಡ್‌ಡಿಸ್ಕಲ್ಲಿ, ಗೂಗಲ್ ಡ್ರೈವಲ್ಲಿ, ಜೊತೆಗೆ ಅತ್ತೆ ಮಗಳ ಪೆನ್‌ಡ್ರೈವಲ್ಲಿ ಇವೆ. ಮೂರು ತಿಂಗಳಿಗೊಮ್ಮೆ ತೆಗೆದು ಕೇಳಿ ನೋಡ್ತೀನಿ, ಕಾಪಿ ಇದೆ ಅಂತ ನಂಬಿ ಕೂರಲ್ಲ. ವಾಟ್ಸ್ಆಪಲ್ಲಿ ಹಳೇ ಕಾಗದದ ಚಿತ್ರ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲದಿದ್ರೆ ಅದು ಚಿತ್ರವನ್ನ ಕುಗ್ಗಿಸಿ ಸಣ್ಣ ಅಕ್ಷರ ಓದೋಕಾಗದ ಹಾಗೆ ಮಾಡುತ್ತೆ. ಫೋಲ್ಡರಿಗೆ ಕನ್ನಡದಲ್ಲೇ ಹೆಸರಿಡಿ. ‘ಅಜ್ಜಿ ಹಾಡು’ ಅಂತ ಇದ್ದಿದ್ರೆ ನನ್ನ ಬೆರಳು ಆವತ್ತು ನಿಲ್ಲುತ್ತಿತ್ತು.

ಕೆಲಮಂಗಲದಿಂದ ಬಂದ ತಂಗಿ ಒಂದು ಪೆನ್‌ಡ್ರೈವ್ ತಂದಿದ್ದಾಳಂತೆ, ಅಪ್ಪನ ಹರಿಕಥೆ ಇದ್ದದ್ದು ಫಾರ್ಮ್ಯಾಟ್ ಆಗಿದೆ ಅಂತ. ಕ್ವಿಕ್ ಫಾರ್ಮ್ಯಾಟ್ ಆಗಿದ್ದು, ಮೇಲೆ ಬೇರೇನೂ ಹಾಕಿಲ್ಲ ಅಂದ್ರೆ ಸಿಗೋ ಸಾಧ್ಯತೆ ಇದೆ. ಲ್ಯಾಪ್‌ಟಾಪ್ ತಂದಿದ್ದೀನಿ. ಬಾಮ್ಮ, ಇಲ್ಲೇ ಕೂತು ನೋಡೋಣ. ಮಿಕ್ಕವರು ಟೀ ಕುಡ್ಕೊಂಡು ಬನ್ನಿ, ಸ್ಕ್ಯಾನ್ ಆಗೋಕೆ ಹೊತ್ತು ಹಿಡಿಯುತ್ತೆ.