ಎಡಪಕ್ಷ, ಬಲಪಕ್ಷ ಎಂದರೇನು?

(ತುಕ್ಕಾನಟ್ಟಿಯ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಮಗೆ ಒಪ್ಪಿಸಿದ ವಿಷಯವು ವೃತ್ತಪತ್ರಗಳಲ್ಲಿ ನಿತ್ಯವೂ ಕಾಣುವಂಥದು. ಅರ್ಥವನ್ನು ಕೇಳಹೋದರೆ ಒಬ್ಬೊಬ್ಬರು ಒಂದೊಂದು ಹೇಳುವಂಥದು. ಒಬ್ಬರಿಗೆ ಎಡಪಕ್ಷವೆಂದರೆ ದೇವರಿಲ್ಲವೆನ್ನುವವರ ಗುಂಪು. ಇನ್ನೊಬ್ಬರಿಗೆ ಬಲಪಕ್ಷವೆಂದರೆ ಸಾಹುಕಾರರ ಕೂಟ. ಇಂಥ ಬಿರುದುಗಳು ಬೈಯುವುದಕ್ಕೆ ಒದಗುತ್ತವೆಯೇ ಹೊರತು ತಿಳಿಯುವುದಕ್ಕೆ ಒದಗುವುದಿಲ್ಲ.

ಘಟಪ್ರಭೆಯ ಎಡದಂಡೆ ಕಾಲುವೆಯನ್ನು ಬಲ್ಲ ನಿಮಗೆ ಮೊದಲ ಪಾಠವು ಕಷ್ಟದ್ದಲ್ಲ. ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತರೆ ಎಡಗೈಗೆ ಬರುವುದೇ ಎಡದಂಡೆ. ಮುಖ ತಿರುಗಿಸಿ ನಿಂತವನಿಗೆ ಅದು ಬಲಕ್ಕೆ ಕಂಡೀತು. ರಾಜಕಾರಣದ ಎಡಬಲಗಳೂ ಹೀಗೆಯೇ ಒಬ್ಬನ ಮುಖವನ್ನು ಹಿಡಿದು ಹುಟ್ಟಿದವು. 1789ರಲ್ಲಿ ಫ್ರಾನ್ಸ್ ದೇಶದ ರಾಷ್ಟ್ರಸಭೆಯು ವರ್ಸೇಲ್ಸಿನಲ್ಲಿ ಕೂಡಿದ್ದಾಗ, ಸಭೆಯು ಮಾಡಿದ ಕಾಯ್ದೆಯನ್ನು ತಡೆಯುವ ಅಧಿಕಾರವು ಅರಸನಿಗೆ ಇರಬೇಕೇ ಎಂಬ ಪ್ರಶ್ನೆಯೆದ್ದಿತು. ಇರಬೇಕೆಂದವರು ಅಧ್ಯಕ್ಷನ ಬಲಕ್ಕೂ, ಬೇಡವೆಂದವರು ಎಡಕ್ಕೂ ಕುಳಿತರು. ಅರಸ ಹೋದ, ಆ ಸಭೆಯೂ ಹೋಯಿತು. ಕುಳಿತ ಜಾಗದ ಹೆಸರುಗಳು ಮಾತ್ರ ಜಗತ್ತನ್ನು ಸುತ್ತಿ ನಮ್ಮಲ್ಲಿಗೂ ಬಂದವು. (ನಮ್ಮ ನಾಡಿನ ಎಡಗೈ, ಬಲಗೈ ಎಂಬ ಜಾತಿಪಂಗಡಗಳ ಮಾತು ಬೇರೆ; ಅದನ್ನು ಇದರೊಡನೆ ಕಲಸಬಾರದು.)

ಇದ್ದ ಅಧಿಕಾರ, ಆಸ್ತಿ, ರೂಢಿಗಳನ್ನು ಕಾಯಬೇಕೆಂಬವರು ಬಲದವರು. ಅವುಗಳನ್ನು ಹಂಚಿ ಸಮಮಾಡಬೇಕೆಂಬವರು ಎಡದವರು. ಸ್ಥೂಲವಾಗಿ ಇಷ್ಟೇ. ಆದರೆ ಬಲದಲ್ಲಿಯೂ ಎರಡು ಬಗೆಗಳುಂಟು. 1959ರಲ್ಲಿ ರಾಜಾಜಿಯವರು ಕಟ್ಟಿದ ಸ್ವತಂತ್ರ ಪಕ್ಷವು ವ್ಯಾಪಾರದಲ್ಲಿ ಸರಕಾರದ ಕೈ ಬೇಡವೆಂದಿತು. 1951ರ ಜನಸಂಘವು ಧರ್ಮ, ಸಂಸ್ಕೃತಿ, ರಾಷ್ಟ್ರಗಳ ಮಾತನ್ನು ಮುಂದಿಟ್ಟಿತು. ಎಡದವರಾದರೂ ಒಂದೇ ಮನೆಯವರಲ್ಲ. ಸಮಾಜವಾದಿಗಳದು ಒಂದು ದಾರಿ, ಕಮ್ಯುನಿಸ್ಟರದು ಇನ್ನೊಂದು. ಕಮ್ಯುನಿಸ್ಟರೂ 1964ರಲ್ಲಿ ಒಡೆದು ಎರಡಾದರು.

ಈಗ ಭೂಮಿಯ ಮಾತಿಗೆ ಬರೋಣ. ಪಕ್ಷಗಳ ಬಣ್ಣವು ಬಯಲಾಗುವುದು ಅಲ್ಲಿಯೇ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಧಣಿಗಳ ಕೊಳಗದ ಅಳತೆ ಅನ್ಯಾಯದ್ದೆಂದು ಎದ್ದುನಿಂತರು. ಸಮಾಜವಾದಿಗಳು ಅವರ ಕೈ ಹಿಡಿದರು. ಲೋಹಿಯಾ ಅವರು ಅಲ್ಲಿಗೆ ಬಂದು ಬಂಧಿತರಾದರು. ಇದು ಎಡಪಕ್ಷದ ಶುದ್ಧ ಉದಾಹರಣೆ. ಆದರೆ ಗೇಣಿಯ ಭೂಮಿಯನ್ನು ಉಳುವವನಿಗೆ ಕೊಡಿಸಿದ ಕಾಯ್ದೆಯ ತಿದ್ದುಪಡಿಯನ್ನು 1974ರ ಮಾರ್ಚ್ 1ರಿಂದ ಜಾರಿಗೆ ತಂದವರು ಯಾರು? ಕಾಂಗ್ರೆಸ್ಸಿನ ದೇವರಾಜ ಅರಸರು. ಆ ಪಕ್ಷವನ್ನು ಯಾರೂ ಎಡಪಕ್ಷವೆಂದು ಕರೆದಿರಲಿಲ್ಲ. ಕೆಲಸ ಮಾತ್ರ ಎಡದ್ದು. ಭೂನ್ಯಾಯಮಂಡಳಿಯ ಮುಂದೆ ವಕೀಲರು ನಿಲ್ಲಕೂಡದೆಂದೂ ಆ ಕಾಯ್ದೆಯಲ್ಲಿತ್ತು. ನಮ್ಮ ವೃತ್ತಿಬಾಂಧವರು ಮುನಿಸಿಕೊಂಡರು. ಬಡ ಗೇಣಿದಾರನ ದೃಷ್ಟಿಯಿಂದ ನೋಡಿದರೆ ಅದು ವಿವೇಕದ ಮಾತೆಂದೇ ನಾವು ಬಗೆಯುತ್ತೇವೆ.

ಇದಕ್ಕೆ ಎದುರುಮುಖವಾದುದು 2020ರ ತಿದ್ದುಪಡಿ. ರೈತರಲ್ಲದವರು ಹೊಲ ಕೊಳ್ಳಬಾರದೆಂಬ ನಿರ್ಬಂಧವನ್ನು ಭಾರತೀಯ ಜನತಾ ಪಕ್ಷದ ಸರಕಾರವು ತೆಗೆದುಹಾಕಿತು. ತನ್ನ ಹೊಲವನ್ನು ಯಾರಿಗೆ ಬೇಕಾದರೂ ಮಾರುವ ಸ್ವಾತಂತ್ರ್ಯವು ಒಡೆಯನಿಗೆ ಇರಬೇಕೆಂಬುದು ಬಲದ ವಾದ. ಅದರಲ್ಲಿ ಹುರುಳಿಲ್ಲವೆನ್ನಲಾಗದು, ಸಾಲದಲ್ಲಿ ಸಿಕ್ಕವನಿಗೆ ಒಳ್ಳೆಯ ಬೆಲೆ ಬಂದೀತು. ಹಣವುಳ್ಳವನ ಕೈಗೆ ಸೇರಿದ ಹೊಲವು ಮರಳಿ ಉಳುವವನಿಗೆ ಬಾರದೆಂಬುದು ಎಡದ ವಾದ. ನಮ್ಮ ಮನಸ್ಸು ಇದರ ಕಡೆಗೇ ಒಲಿಯುತ್ತದೆ.

ಹಾಗೆಂದು ಎಡದವರು ಎಲ್ಲಿಯೂ ಹೊಲದ ಕಾವಲುಗಾರರಾಗಿ ಉಳಿದರೆಂದು ತಿಳಿಯಬೇಡಿರಿ. ಬಂಗಾಲದ ಸಿಂಗೂರಿನಲ್ಲಿ 2006ರಲ್ಲಿ ಮೋಟಾರು ಕಾರ್ಖಾನೆಯ ಸಲುವಾಗಿ ಒಪ್ಪದ ರೈತರ ಭೂಮಿಯನ್ನೂ ವಶಪಡಿಸಿಕೊಂಡದ್ದು ಎಡರಂಗದ ಸರಕಾರವೇ. ಇತ್ತ, ದಿಲ್ಲಿಯಲ್ಲಿ ಬಲಪಕ್ಷವೆನಿಸಿದವರು ಆಳುತ್ತಿದ್ದರೂ ಕಬ್ಬಿನ ಕನಿಷ್ಠ ದರವನ್ನು 1966ರ ಆಜ್ಞೆಗನುಸಾರ ಸರಕಾರವೇ ನಿಶ್ಚಯಿಸುತ್ತ ಬಂದಿದೆ. 2025ರ ನವೆಂಬರಿನಲ್ಲಿ, ನಿಮ್ಮ ತಾಲೂಕಿನ ಗುರ್ಲಾಪುರದಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಬೇಕೆಂದು ರಸ್ತೆಯಲ್ಲಿ ಕುಳಿತರು. ರಾಜ್ಯ ಸರಕಾರವು ನಡುವೆ ಬಂದು 3,300ಕ್ಕೆ ನಿಲ್ಲಿಸಿತು. ದರವನ್ನು ಪೇಟೆಗೇ ಬಿಟ್ಟುಬಿಡಿರೆಂದು ಆ ರೈತರ ಮುಂದೆ ನಿಂತು ಹೇಳುವ ಧೈರ್ಯವು ಯಾವ ಬಲದ ಮುಖಂಡನಿಗೂ ಇದ್ದೀತೆಂದು ನಮಗೆ ತೋರುವುದಿಲ್ಲ.

ಭಾಷೆಯ ಪ್ರಶ್ನೆಯಲ್ಲಂತೂ ಈ ಹೆಸರುಗಳು ಪೂರ್ತಿಯಾಗಿ ಸೋಲುತ್ತವೆ. ಬೆಳಗಾವಿಯನ್ನು ಕೇಳುತ್ತಿದ್ದ ಸಂಯುಕ್ತ ಮಹಾರಾಷ್ಟ್ರ ಸಮಿತಿಯಲ್ಲಿ 1956ರಲ್ಲಿ ಕಮ್ಯುನಿಸ್ಟರೂ ಸಮಾಜವಾದಿಗಳೂ ಜನಸಂಘದವರೂ ಒಂದೇ ಚಾಪೆಯ ಮೇಲೆ ಕುಳಿತಿದ್ದರು. ನಮ್ಮ ಕಡೆಯಲ್ಲಿಯೂ ಏಕೀಕರಣಕ್ಕಾಗಿ 1953ರಲ್ಲಿ ಉಪವಾಸ ಹೂಡಿದ ಅಂದಾನಪ್ಪ ದೊಡ್ಡಮೇಟಿಯವರು ಕಾಂಗ್ರೆಸ್ಸಿನವರು. ಅದೇ ಏಕೀಕರಣಕ್ಕೆ ದನಿಗೂಡಿಸಿದ ಶಾಂತವೇರಿ ಗೋಪಾಲಗೌಡರು ಸಮಾಜವಾದಿಗಳು.

ಸಭೆಗೆ ಮುಂಚೆ ಶಿಕ್ಷಕರೊಬ್ಬರು ನಗುತ್ತ, “ವಕೀಲರೇ, ತಾವು ಎಡವೋ ಬಲವೋ?” ಎಂದು ಕೇಳಿದರು. ಭೂಮಿ, ಕೂಲಿಗಳ ಮಾತಿನಲ್ಲಿ ನಾವು ಎಡಕ್ಕೆ ಕೂಡುವವರು. ಊರ ಜಾತ್ರೆ, ಮಠಗಳ ಪರಂಪರೆಗಳನ್ನು ಸರಕಾರವು ತಿದ್ದಹೋಗಬಾರದೆಂಬಲ್ಲಿ ಬಲಕ್ಕೆ. ಕನ್ನಡದ ಮಾತು ಬಂದಾಗ ಎಲ್ಲಿ ಜಾಗ ಖಾಲಿಯಿದೆಯೋ ಅಲ್ಲಿ.