ಕಂಪ್ಯೂಟರ್ ವಿಜ್ಞಾನದ ಕಾಲೇಜು ಮತ್ತು ಹೊರನಾಡ ಪಾಲಕರು

(ದೆಹಲಿಯಲ್ಲಿ ನಡೆದ ಕನ್ನಡಿಗ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಂಪ್ಯೂಟರ್ ವಿಜ್ಞಾನದ ಬಗೆಗೆ ಮಾತನಾಡುವ ಪಾಂಡಿತ್ಯ ನನಗಿಲ್ಲ. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ, ಕೇಂದ್ರ ಸರಕಾರದ ಸೇವೆಗೆ ಸೇರಿ, 1998ರಿಂದ ಈ ದೆಹಲಿಯಲ್ಲಿ ಕಡತಗಳ ನಡುವೆ ಬದುಕಿದವನು ನಾನು. ಆದರೂ ಕಾರ್ಯದರ್ಶಿಗಳು ನನ್ನನ್ನೇ ಇಲ್ಲಿ ನಿಲ್ಲಿಸಿದ್ದಾರೆ. ಬಹುಶಃ ಈ ವಿಷಯದಲ್ಲಿ ನಾನು ಮಾಡಿದ ತಪ್ಪು ಅವರಿಗೆ ತಿಳಿದಿರುವುದೇ ಕಾರಣ. ನಿಯಮಗಳನ್ನು ಓದುವುದೇ ವೃತ್ತಿಯಾದ ನಾನು, ಸ್ವಂತ ಮಗನ ವಿಷಯದಲ್ಲಿ ನಿಯಮವನ್ನು ಓದಲಿಲ್ಲ.

2019ರಲ್ಲಿ ಮಗ ಹತ್ತನೆಯ ತರಗತಿ ಮುಗಿಸಿದ. ನಮ್ಮ ಮನೆ ಮಯೂರ ವಿಹಾರದಲ್ಲಿ. ಹತ್ತಿರದ ನೋಯ್ಡಾದಲ್ಲಿ ಒಳ್ಳೆಯ ಶಾಲೆಯೊಂದಿದೆಯೆಂದು ಹನ್ನೊಂದನೆಯ ತರಗತಿಗೆ ಅಲ್ಲಿ ಸೇರಿಸಿದೆ. ಶಾಲೆ ನಿಜಕ್ಕೂ ಒಳ್ಳೆಯದೇ. 2021ರಲ್ಲಿ ಕಾಲೇಜಿನ ಅರ್ಜಿ ತುಂಬಲು ಕುಳಿತಾಗ ನನ್ನ ಕಣ್ಣು ತೆರೆಯಿತು. ದೆಹಲಿ ತಾಂತ್ರಿಕ ವಿಶ್ವವಿದ್ಯಾಲಯ, ನೇತಾಜಿ ಸುಭಾಷ್ ತಾಂತ್ರಿಕ ವಿಶ್ವವಿದ್ಯಾಲಯ ಮೊದಲಾದೆಡೆ ಶೇಕಡ 85ರಷ್ಟು ಸ್ಥಾನಗಳು ದೆಹಲಿಯ ಶಾಲೆಯಲ್ಲಿ ಹನ್ನೆರಡನೆಯ ತರಗತಿ ತೇರ್ಗಡೆಯಾದವರಿಗೆ ಮೀಸಲು. ಮನೆ ದೆಹಲಿಯಲ್ಲಿದ್ದರೂ ಶಾಲೆ ಉತ್ತರ ಪ್ರದೇಶದಲ್ಲಿತ್ತು. ಮಗನಿಗೆ ಉಳಿದದ್ದು ಇಡೀ ದೇಶದವರು ಸ್ಪರ್ಧಿಸುವ ಶೇಕಡ 15ರ ಪಾಲು ಮಾತ್ರ.

ಹೋಗಲಿ, ನಮ್ಮ ಸುರತ್ಕಲ್ಲಿನ ಎನ್.ಐ.ಟಿ. ಇದೆಯಲ್ಲ ಎಂದು ಸಮಾಧಾನ ತಂದುಕೊಂಡೆ. ಎನ್.ಐ.ಟಿ.ಗಳಲ್ಲಿ ಅರ್ಧದಷ್ಟು ಸ್ಥಾನಗಳು ತವರು ರಾಜ್ಯದವರಿಗೆ. ಆದರೆ ತವರು ಎಂದರೆ ಅಜ್ಜನ ಮನೆಯಿರುವ ಊರೂ ಅಲ್ಲ, ತಾಯಿನುಡಿಯ ನಾಡೂ ಅಲ್ಲ. ಹನ್ನೆರಡನೆಯ ತರಗತಿ ತೇರ್ಗಡೆಯಾದ ರಾಜ್ಯ. ಆ ಲೆಕ್ಕದಲ್ಲಿ ನನ್ನ ಮಗ ಉತ್ತರ ಪ್ರದೇಶದವನು. ಅವನ ತವರಿನ ಎನ್.ಐ.ಟಿ. ಪ್ರಯಾಗರಾಜದ್ದು. ಐ.ಐ.ಟಿ.ಗಳಲ್ಲಿ ಇಂಥ ರಾಜ್ಯವಾರು ಪಾಲಿಲ್ಲ. ನಮ್ಮ ಧಾರವಾಡದ ಐ.ಐ.ಟಿ.ಗೂ ಅದೇ ಮಾತು.

ಇನ್ನೊಂದು ಬಾಗಿಲಿತ್ತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿ.ಇ.ಟಿ.ಯಲ್ಲಿ ಹೊರನಾಡ ಕನ್ನಡಿಗರಿಗೂ ಗಡಿನಾಡ ಕನ್ನಡಿಗರಿಗೂ ಪ್ರತ್ಯೇಕ ಅರ್ಹತಾ ನಿಯಮವಿದೆ. ಅದನ್ನು ಬಳಸಬೇಕಾದರೆ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಮಗ ಅಜ್ಜಿಯೊಡನೆ ಸೊಗಸಾಗಿ ಕನ್ನಡ ಮಾತನಾಡುತ್ತಾನೆ. ಆದರೆ ಅಜ್ಜಿ ಬರೆದ ಕಾಗದವನ್ನು ಓದಲಾರ. ಸಂಘದ ಭಾನುವಾರದ ಕನ್ನಡ ತರಗತಿಗೆ, ಗಣಿತದ ಟ್ಯೂಶನ್ ಇದೆಯೆಂದು, ಅವನನ್ನು ಕಳುಹಿಸದೆ ಇದ್ದವನು ನಾನೇ. ಅರ್ಜಿಯನ್ನೇ ಹಾಕಲಿಲ್ಲ.

ಕೊನೆಗೆ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಆಡಳಿತ ಮಂಡಳಿಯ ಕೋಟಾದ ಸೀಟು. ಭವಿಷ್ಯ ನಿಧಿಯಿಂದ ಹಣ ತೆಗೆದೆ. ಕಟ್ಟಡ ನೋಡಿದೆ, ಜಾಹೀರಾತಿನಲ್ಲಿದ್ದ ಅತ್ಯಧಿಕ ಸಂಬಳದ ಅಂಕಿ ನೋಡಿದೆ. ಅರ್ಥಶಾಸ್ತ್ರ ಓದಿದವನಿಗೆ ಇದಕ್ಕಿಂತ ನಾಚಿಕೆಗೇಡು ಬೇರೆ ಬೇಕೆ? ನೂರಾರು ಮಂದಿಯಲ್ಲಿ ಒಬ್ಬನಿಗೆ ದೊರೆತ ಸಂಬಳ ಉಳಿದವರ ಗತಿಯನ್ನು ಹೇಳುವುದಿಲ್ಲ. ಅದನ್ನು ತಿಳಿಯಲು ಮಧ್ಯಾಂಕ ಬೇಕು. 2016ರಿಂದ ಪ್ರಕಟವಾಗುತ್ತಿರುವ ಎನ್.ಐ.ಆರ್.ಎಫ್. ಶ್ರೇಯಾಂಕಕ್ಕಾಗಿ ಕಾಲೇಜುಗಳು ಸಲ್ಲಿಸುವ ವಿವರಗಳಲ್ಲಿ ಈ ಮಧ್ಯಾಂಕ ಇರುತ್ತದೆ. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂಬುದೂ ಇರುತ್ತದೆ.

ಎರಡನೆಯ ವರ್ಷದಲ್ಲಿ ಮಗ ಫೋನಿನಲ್ಲಿ ಹೇಳಿದ: "ಅಪ್ಪಾ, ಡಾಟಾ ಸ್ಟ್ರಕ್ಚರ್ಸ್ ಪಾಠಕ್ಕೆ ಒಂದೇ ಸೆಮಿಸ್ಟರಿನಲ್ಲಿ ಮೂವರು ಮೇಷ್ಟ್ರು ಬದಲಾದರು." ಆ ವಿಷಯ ಕಂಪ್ಯೂಟರ್ ವಿಜ್ಞಾನದ ಅಡಿಪಾಯವೆಂದು ನನಗೆ ತಿಳಿದದ್ದೇ ಆಗ. ಕೋರ್ಸಿನ ಹೆಸರು ಕೃತಕ ಬುದ್ಧಿಮತ್ತೆಯೇ ಇರಲಿ, ಡಾಟಾ ಸೈನ್ಸೇ ಇರಲಿ, ಆಲ್ಗಾರಿದಮ್, ಆಪರೇಟಿಂಗ್ ಸಿಸ್ಟಮ್, ಡಾಟಾಬೇಸ್, ನೆಟ್‌ವರ್ಕ್, ಜೊತೆಗೆ ಗಣಿತ, ಇವುಗಳನ್ನು ಯಾರು ಕಲಿಸುತ್ತಾರೆ ಎಂದು ಕೇಳಬೇಕು. ಪ್ರಯೋಗಾಲಯ ಸಂಜೆಯೂ ತೆರೆದಿರುತ್ತದೆಯೇ ಎಂದು ಅಲ್ಲಿಯ ವಿದ್ಯಾರ್ಥಿಗಳನ್ನೇ ವಿಚಾರಿಸಬೇಕು. ಇಪ್ಪತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರು ಎಂಬುದು ಎ.ಐ.ಸಿ.ಟಿ.ಇ.ಯ ಮಾನದಂಡ. ಅದೇ ಮಂಡಳಿ 2024-25ರಿಂದ ಉತ್ತಮ ಕಾಲೇಜುಗಳಿಗೆ ಪ್ರವೇಶ ಸಂಖ್ಯೆಯ ಗರಿಷ್ಠ ಮಿತಿಯನ್ನು ಸಡಿಲಿಸಿತು. ಆದುದರಿಂದ ಸೀಟುಗಳು ಹೆಚ್ಚಿದಲ್ಲಿ ಅಧ್ಯಾಪಕರೂ ಹೆಚ್ಚಿದ್ದಾರೆಯೇ ಎಂದು ನೋಡುವುದು ಅಗತ್ಯ. ನ್ಯಾಕ್ ಮಾನ್ಯತೆ ಇಡೀ ಸಂಸ್ಥೆಗೆ ಸಲ್ಲುವುದು, ಎನ್.ಬಿ.ಎ. ಮಾನ್ಯತೆ ಒಂದೊಂದು ಕೋರ್ಸಿಗೆ ಪ್ರತ್ಯೇಕವಾಗಿ. ನಾವು ಸೇರುವ ಕೋರ್ಸಿಗೆ ಎರಡನೆಯದು ಇದೆಯೇ ಎಂಬುದು ಪ್ರಶ್ನೆ.

ಮಗನ ಕಥೆ ದುರಂತವೇನಲ್ಲ. ಗೆಳೆಯರೊಡನೆ ಕುಳಿತು ತಾನೇ ಕಲಿತ, ಈಗ ದುಡಿಯುತ್ತಿದ್ದಾನೆ. ಆದರೆ ತಾನು ಕಳೆದುಕೊಂಡ ಅವಕಾಶಗಳ ಬಗ್ಗೆ ಅವನು ಒಂದು ದಿನವೂ ನನ್ನನ್ನು ದೂರಲಿಲ್ಲ. ಅದೇ ನನ್ನನ್ನು ಇಂದಿಗೂ ಚುಚ್ಚುತ್ತದೆ.

ಮಗಳು ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಅವಳಿಗೂ ಇದೇ ವಿಷಯದ ಹಂಬಲ. ಕಾಲೇಜಿನ ಆಯ್ಕೆ ಎರಡು ವರ್ಷಗಳ ಅನಂತರದ್ದಲ್ಲ, ಈ ವರ್ಷದ್ದೇ ಎಂದು ಈ ಸಲ ನನಗೆ ಗೊತ್ತು. ಅವಳು ದೆಹಲಿಯ ಶಾಲೆಯಲ್ಲೇ ಮುಂದುವರಿಯುತ್ತಾಳೆ. ಭಾನುವಾರದ ಕನ್ನಡ ತರಗತಿಗೂ ಬರುತ್ತಿದ್ದಾಳೆ. ಸೀಟಿನ ಆಸೆಯಿಂದ ಕನ್ನಡ ಕಲಿಸುವುದೇ ಎಂದು ನಮ್ಮ ಹಿರಿಯರೊಬ್ಬರು ಮೂದಲಿಸಿದರು. ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಕಳೆದ ತಿಂಗಳು ಅವಳು ಅಜ್ಜಿಯ ಹಳೆಯ ಕಾಗದಗಳನ್ನು ಅಣ್ಣನಿಗೆ ಓದಿ ಹೇಳುತ್ತಿದ್ದಳು. ಆಗ ಸೀಟಿನ ನೆನಪು ಯಾರಿಗೂ ಇರಲಿಲ್ಲ.

ಸಂಘಕ್ಕೆ ನನ್ನದೊಂದು ವಿನಂತಿ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಪ್ರತಿ ಜನವರಿಯಲ್ಲಿ ಹತ್ತನೆಯ ತರಗತಿಯ ಮಕ್ಕಳ ಪಾಲಕರನ್ನು ಕರೆದು, ಆಯಾ ವರ್ಷದ ಮಾಹಿತಿ ಪುಸ್ತಿಕೆಗಳನ್ನು ಮುಂದಿಟ್ಟುಕೊಂಡು ಒಂದು ಸಂಜೆ ಕೂರೋಣ. ನೋಯ್ಡಾ, ಗುರುಗ್ರಾಮ, ಗಾಜಿಯಾಬಾದಿನ ನಮ್ಮವರನ್ನು ತಪ್ಪದೆ ಕರೆಯೋಣ. ಪುಸ್ತಿಕೆಗಳನ್ನು ಓದಿ ಟಿಪ್ಪಣಿ ಸಿದ್ಧಪಡಿಸುವ ಹೊಣೆ ನನ್ನದು. ಆ ಕೆಲಸವಾದರೂ ನನಗೆ ಬರುತ್ತದೆ.