ಮಾತಿಲ್ಲದ ಜೊತೆ

ನಮ್ಮ ಗಾದೆಗಳನ್ನು ನಂಬುವುದಾದರೆ ಬೆಕ್ಕಿನಷ್ಟು ಕೆಟ್ಟ ಪ್ರಾಣಿ ಇನ್ನೊಂದಿಲ್ಲ. ಅದು ಕಣ್ಣು ಮುಚ್ಚಿ ಹಾಲು ಕುಡಿಯುವ ಕಳ್ಳ. ಅದರ ಚೆಲ್ಲಾಟ ಇಲಿಗೆ ಪ್ರಾಣಸಂಕಟ. ಹೊರಟವರಿಗೆ ಅಡ್ಡ ಬಂದರೆ ಅಪಶಕುನ. ನಾಯಿಗೆ ನಿಷ್ಠೆಯ ಬಿರುದು, ಹಸುವಿಗೆ ತಾಯಿಯ ಪಟ್ಟ. ಬೆಕ್ಕಿಗೆ ಮಾತ್ರ ಸ್ವಾರ್ಥಿ ಎಂಬ ಹೆಸರು. ಅದಕ್ಕೆ ಮನೆ ಬೇಕು, ಮನೆಯವರು ಬೇಡ ಎನ್ನುತ್ತಾರೆ. ಈ ಆಪಾದಿತನ ಪರವಾಗಿ ನಾಲ್ಕು ಮಾತು ಹೇಳುವುದು ನನ್ನ ಉದ್ದೇಶ.

ಬೆಕ್ಕನ್ನು ನಾವು ಹಗ್ಗ ಹಾಕಿ ತಂದು ಪಳಗಿಸಿದವರಲ್ಲ. ಪಶ್ಚಿಮ ಏಷ್ಯದಲ್ಲಿ ಮನುಷ್ಯ ಬೇಸಾಯ ಕಲಿತು ಧಾನ್ಯ ಕೂಡಿಟ್ಟ; ಧಾನ್ಯಕ್ಕೆ ಇಲಿ ಬಂದಿತು; ಇಲಿಯ ಬೆನ್ನಿಗೆ ಕಾಡುಬೆಕ್ಕು ಬಂದಿತು. ವ್ಯವಹಾರ ಅಷ್ಟಕ್ಕೇ ನಿಂತಿದ್ದರೆ ಅದು ಬರಿಯ ಕೂಲಿಯ ಲೆಕ್ಕವಾಗುತ್ತಿತ್ತು. ಆದರೆ ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಸಮಾಧಿಯೊಂದರ ಪಕ್ಕದಲ್ಲೇ ಬೆಕ್ಕೊಂದನ್ನು ಹೂಳಿದ್ದುದು ಪತ್ತೆಯಾಗಿ, 2004ರಲ್ಲಿ ಆ ಸಂಗತಿ ಪ್ರಕಟವಾಯಿತು. ಆ ದ್ವೀಪ ಬೆಕ್ಕಿನ ತವರಲ್ಲ. ಯಾರೋ ದೋಣಿಯಲ್ಲಿ ಕರೆತಂದಿರಬೇಕು. ಬರಿಯ ಕೂಲಿಯಾಳನ್ನು ಯಾರಾದರೂ ತಮ್ಮ ಮಗ್ಗುಲಲ್ಲಿ ಮಲಗಿಸಿಕೊಳ್ಳುತ್ತಾರೆಯೇ?

ಈ ಜೊತೆ ಎಂಥದೆಂಬುದು ನನಗೆ ತಿಳಿದದ್ದು ಮನೆ ಬರಿದಾದ ಮೇಲೆ. ನನ್ನಾಕೆ ತೀರಿಕೊಂಡಾಗ ಬಂದವರೆಲ್ಲ ಸಮಾಧಾನ ಹೇಳಿದರು. ಅವರಿಗೆ ಉತ್ತರ ಕೊಟ್ಟು ಕೊಟ್ಟು ದಣಿದೆ. ಆಕೆ ಸಾಕಿದ ಬೆಕ್ಕು ಮಾತ್ರ ಏನೂ ಕೇಳಲಿಲ್ಲ. ಸಂಜೆ ರೇಡಿಯೋ ಹಾಕಿ ಕುಳಿತರೆ, ಒಂದು ಮಾರು ದೂರದಲ್ಲಿ ಬಂದು ಮುದುಡಿ ಮಲಗುತ್ತಿತ್ತು. ಬೆಳಗ್ಗೆ ಐದಕ್ಕೆ ಹಾಲಿಗಾಗಿ ಕೂಗುತ್ತಿತ್ತು. ಅದಕ್ಕೆಂದು ಒಲೆ ಹೊತ್ತಿಸಿದವನು ನನಗೂ ಒಂದು ಲೋಟ ಕಾಫಿ ಮಾಡಿಕೊಳ್ಳುತ್ತಿದ್ದೆ. ಆ ದಿನಗಳಲ್ಲಿ ನಾನು ಹಾಸಿಗೆ ಬಿಟ್ಟು ಏಳುತ್ತಿದ್ದುದಕ್ಕೆ ಬೇರೆ ಕಾರಣವಿರಲಿಲ್ಲ.

ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ‘ಮಿಯಾಂವ್’ ಎನ್ನುವುದು ಅಪರೂಪವಂತೆ. ಆ ಕೂಗನ್ನು ಅವು ಬಹುಮಟ್ಟಿಗೆ ನಮಗಾಗಿಯೇ ಇಟ್ಟುಕೊಂಡಿವೆ. ಸಾಕಿದ ಬೆಕ್ಕು ತನ್ನ ಹೆಸರನ್ನು ಬೇರೆ ಮಾತುಗಳಿಂದ ಬೇರ್ಪಡಿಸಿ ಗುರುತಿಸಬಲ್ಲುದೆಂದು 2019ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಕರೆದರೂ ಬಾರದಿದ್ದರೆ, ಅದು ಕೇಳಿಸದೆ ಅಲ್ಲ. ಈಗ ಬರಲು ಮನಸ್ಸಿಲ್ಲ, ಅಷ್ಟೆ! ಒಡೆಯರು ಮೆಲ್ಲಗೆ ರೆಪ್ಪೆ ಮುಚ್ಚಿ ತೆರೆದರೆ ಬೆಕ್ಕೂ ಹಾಗೆಯೇ ಮಾಡುವುದು ಹೆಚ್ಚೆಂದು 2020ರಲ್ಲಿ ಇಂಗ್ಲೆಂಡಿನ ಸಂಶೋಧಕರು ಕಂಡರು. ಕಣ್ಣು ಮುಚ್ಚುವ ಕಳ್ಳನೆಂದು ನಾವು ಗಾದೆ ಕಟ್ಟಿದೆವು. ನಮ್ಮೆದುರು ಕಣ್ಣು ಮುಚ್ಚುವಷ್ಟು ಅದು ನಮ್ಮನ್ನು ನಂಬಿತ್ತು.

ಮನೆಯಲ್ಲಿ ಬೆಕ್ಕಿದ್ದರೆ ಅದನ್ನು ಹಿಡಿದೆಳೆದು ಮುದ್ದಿಸಬೇಡಿ. ಒಂದು ಬಟ್ಟಲು, ಒಂದು ಬೆಚ್ಚನೆಯ ಮೂಲೆ ಕೊಟ್ಟು ನಿಮ್ಮ ಪಾಡಿಗೆ ನೀವಿರಿ. ತನಗೆ ತೋರಿದಾಗ ತಾನೇ ಬಂದು ಪಕ್ಕದಲ್ಲಿ ಕೂರುತ್ತದೆ. ಕರೆಯದೆ ಬಂದು, ಏನನ್ನೂ ಕೇಳದೆ ಕೂರುವ ನೆಂಟರು ನಮಗೆಲ್ಲ ಎಷ್ಟು ಮಂದಿ ಇದ್ದಾರೆ?